ಮೂವತ್ತೈದರ ರೇಟು

ಇದು ನಡೆದದ್ದೇ. ಉಮ್ಮ್ ಸಲಾಲಿನಲ್ಲಿ ಒಂಟೆಗೆ ರಿವರ್ಸ್ ಹೋಗಲು ಕಲಿಸಿದೆ ಎಂದು ಹಿಂದೆ ಹೇಳಿದ್ದೆನಲ್ಲ, ಅದು ಸುಳ್ಳು, ಒಪ್ಪಿಕೊಂಡೆ. ಆದರೆ ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಜುಲೈ ತಿಂಗಳಿಡೀ ನನ್ನ ರೂಮಿನ ಎಸಿ ಕೆಟ್ಟು ಕೂರಲಿ.

ಅದೇ ರೂಮಿನಲ್ಲಿ ಲತೇಶನೂ ಇದ್ದಾನೆ. ಕಾರ್ಕಳದವನು, ಈ ಅರಬ್ ದೇಶದಲ್ಲಿ ಎಸಿ ರಿಪೇರಿ ಕೆಲಸ. ಊರಲ್ಲಿ ಹೆಂಡತಿ ಅಶ್ವಿತಾ, ಒಂದೂವರೆ ವರ್ಷದ ಮಗಳು. ಮಗಳನ್ನು ಅವನು ನೋಡಿದ್ದು ಮೊಬೈಲಿನಲ್ಲಿ ಮಾತ್ರ. ಕೊನೆಗೂ ರಜೆ ಸಿಕ್ಕಿತ್ತು. ಟಿಕೆಟಿಗೆಂದು ಸಾವಿರ ರಿಯಾಲ್ ಕೂಡಿಸಿಟ್ಟಿದ್ದ.

ಒಂದು ದಿನ ನನ್ನನ್ನು ಮುಶೈರಿಬಿನ ಎಕ್ಸ್‌ಚೇಂಜಿಗೆ ಎಳೆದುಕೊಂಡು ಹೋದ. ಊರಿಗೆ ದುಡ್ಡು ಕಳಿಸುವ ಕೌಂಟರಿನಲ್ಲಿ ಕೂರುವವರು ಉಡುಪಿಯ ಪ್ರೇಮಾವತಿ, ನಮಗೆಲ್ಲ ಪ್ರೇಮಕ್ಕ.

"ಅಕ್ಕ, ಇವತ್ತು ರೇಟ್ ಎಷ್ಟು?"

"ರಿಯಾಲಿಗೆ ಇಪ್ಪತ್ನಾಲ್ಕು ರೂಪಾಯಿ."

"ನಿಮ್ಮ ಅಂಗಡಿ ಬಂದ್ ಮಾಡುದು ಒಳ್ಳೇದು. ನಂಗೆ ಮೂವತ್ತೈದು ಸಿಗ್ತಾ ಉಂಟು."

ಮೊಬೈಲ್ ತೋರಿಸಿದ. ಆನ್‌ಲೈನ್ ಕ್ಯಾಸಿನೊ. ಸಾವಿರ ಹಾಕಿದರೆ ಸಾವಿರ ಬೋನಸ್. ಕೆಳಗೆ ಇರುವೆಯಷ್ಟು ಸಣ್ಣಕ್ಕೆ ಮೂವತ್ತೈದು, ಪಕ್ಕದಲ್ಲೊಂದು ಎಕ್ಸ್. ದಿನಾ ರಿಯಾಲಿನ ರೇಟು ನೋಡುವ ಕಣ್ಣು ನಮ್ಮದು. ಅವನು ಅದನ್ನೂ ರೇಟು ಅಂದುಕೊಂಡಿದ್ದ. ನಿಜ ಹೇಳಬೇಕೆಂದರೆ ನಾನೂ.

"ಟಿಕೆಟಿನ ದುಡ್ಡು ಹಾಕಿದ್ಯಾ?" ಪ್ರೇಮಕ್ಕ ಕೇಳಿದರು.

"ಹಾಕಿ ನಾಲ್ಕು ದಿನ ಆಯ್ತು. ಸ್ವಲ್ಪ ಚಕ್ರ ತಿರುಗಿಸಿದೆ. ತೆಗೀಲಿಕ್ಕೆ ಮಾತ್ರ ಬಿಡುದಿಲ್ಲ."

"ಹೇಗೆ ಬಿಡ್ತಾರೆ ಮಾರಾಯ? ಅದು ರೇಟ್ ಅಲ್ಲ. ನಿನ್ನ ಸಾವಿರ, ಅವರ ಸಾವಿರ, ಒಟ್ಟು ಎರಡು ಸಾವಿರ. ಅದರ ಮೂವತ್ತೈದು ಪಟ್ಟು ಪಂದ್ಯ ಕಟ್ಟಿ ಮುಗಿಸಿದ ಮೇಲೆಯೇ ದುಡ್ಡು ಹೊರಗೆ. ಎಷ್ಟಾಯ್ತು?"

ಲತೇಶ ಬೆರಳು ಎಣಿಸಿದ. ಸಾಲದೆ ನನ್ನ ಬೆರಳನ್ನೂ ತೆಗೆದುಕೊಂಡ.

"ಎಪ್ಪತ್ತು ಸಾವಿರ," ಪ್ರೇಮಕ್ಕ ಕ್ಯಾಲ್ಕುಲೇಟರ್ ತಿರುಗಿಸಿದರು. "ಆ ಚಕ್ರ ನೂರಕ್ಕೆ ನಾಲ್ಕು ನುಂಗ್ತದೆ ಅಂತ ಇಟ್ಕೋ. ಎಪ್ಪತ್ತು ಸಾವಿರಕ್ಕೆ ಎರಡು ಸಾವಿರದ ಎಂಟುನೂರು. ನಿನ್ನ ಹತ್ರ ಇರುದೇ ಎರಡು ಸಾವಿರ."

"ಬೋನಸ್ ಅಂತ ಬರ್ದಿದ್ದಾರಲ್ಲ ಅಕ್ಕ. ಕಂಪೆನಿ ಬೋನಸ್ ಕೊಟ್ರೆ ವಾಪಸ್ ಕೇಳ್ತದಾ?"

"ಕಂಪೆನಿಯದ್ದು ನೀನು ದುಡಿದದ್ದಕ್ಕೆ. ಇದು ನೀನು ಆಟ ಬಿಟ್ಟು ಎದ್ದು ಹೋಗದ ಹಾಗೆ."

"ಕಂಪ್ಲೇಂಟ್ ಕೊಟ್ರೆ?"

"ಈ ದೇಶದಲ್ಲಿ ಜೂಜೇ ಅಪರಾಧ. ಹೋಗಿ ಎಂತ ಹೇಳ್ತಿ, ಸಾರ್ ನಾನು ಜೂಜಾಡಿದೆ ಅಂತನಾ? ಬೋನಸ್ ಬೇಡ, ನನ್ನದು ಉಳಿದಷ್ಟು ಕೊಡಿ ಅಂತ ಅವರಿಗೇ ಬರ್ದು ನೋಡು. ಕೊಡದಿದ್ರೆ ಖಲಾಸ್, ಅಲ್ಲಿಗೇ ಬಿಡು."

"ಅಕ್ಕ ಸುಮ್ನೆ ಹೆದರಿಸ್ತಾರೆ," ಎಂದ ಲತೇಶ, ಹೊರಗೆ ಬಂದ ಕೂಡಲೇ. ಬರೆಯಲಿಲ್ಲ, ಆಡಿದ. ಊಟದ ಹೊತ್ತಿಗೆ, ಬಸ್ಸಿನಲ್ಲಿ, ಏಣಿಯ ಮೇಲೆ ಕೂತು. ಕಟ್ಟಿದ ಪಂದ್ಯ ಐವತ್ತು ಸಾವಿರ ಮುಟ್ಟುವಾಗ ಖಾತೆಯಲ್ಲಿ ಸೊನ್ನೆ. ರಜೆ ಶುರುವಾಯಿತು, ಟಿಕೆಟ್ ಇಲ್ಲ. ರಜೆಯ ದಿನಗಳನ್ನೆಲ್ಲ ಗೋಡೆ ನೋಡುತ್ತಾ ಕಳೆದ.

ವೀಡಿಯೊ ಕಾಲಿನಲ್ಲಿ ಅಶ್ವಿತಾ ಬೈಯಲಿಲ್ಲ. "ಇನ್ನು ಅದನ್ನು ಮುಟ್ಟುದಿಲ್ಲ ಅಂತ ಮಗಳಿಗೆ ಹೇಳಿ," ಎಂದಳಷ್ಟೆ.

"ಮುಟ್ಟುದಿಲ್ಲ ಮಗಾ," ಎಂದ. ಆ ಆ್ಯಪನ್ನು ನಮ್ಮೆದುರೇ ತೆಗೆದುಹಾಕಿದ.

"ಅಪ್ಪ ಎಲ್ಲಿ? ತೋರ್ಸು," ಎಂದಳು ಅಶ್ವಿತಾ ಮಗಳಿಗೆ. ಮಗು ಮೊಬೈಲನ್ನು ತಿರುಗಿಸಿ ಅದರ ಬೆನ್ನಲ್ಲಿ ಹುಡುಕಿತು. ನಮಗೆ ಇಲ್ಲಿ ಕಂಡದ್ದು ಅವರ ಮನೆಯ ಫ್ಯಾನು ಮಾತ್ರ.

ಬೋನಸ್ ಕಂಡರೆ ಆ ಸಣ್ಣ ಅಕ್ಷರ ಹುಡುಕಿ, ಗುಣಿಸಿ ನೋಡಿ, ಮುಟ್ಟದೆ ಬಿಡಿ. ಕಥೆ ಹೇಳಿದ್ದಕ್ಕೆ ನನಗೆ ಚಹಾ ಬೇಡ. ನಿಮ್ಮ ಮೊಬೈಲನ್ನು ಲಾಕ್ ತೆಗೆದು ಒಮ್ಮೆ ಇತ್ತ ಕೊಡಿ, ಅಂಥ ಆ್ಯಪ್ ಇದೆಯಾ ನೋಡುತ್ತೇನೆ, ಅಷ್ಟು ಸಾಕು.

ಯಾಕೆ, ಕೈ ಜೇಬಿನ ಮೇಲೆ ಹೋಯಿತಲ್ಲ?