ವೈರ್ ಕಿತ್ತು ನೋಡುವುದು

ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಎದುರುಬದುರು ಮೇಜು ಹಾಕಿಕೊಂಡು ಸಾಫ್ಟ್‌ವೇರ್ ಕಂಪನಿ ನಡೆಸುತ್ತಾರಂತೆ ಎಂದು ನೆಂಟರು ಮೊದಮೊದಲು ಮುಸಿಮುಸಿ ನಗುತ್ತಿದ್ದರು. ಕಂಪನಿ ಎನ್ನುವುದು ದೊಡ್ಡ ಮಾತೇ. ಅವರು ಮಾಡುತ್ತಿದ್ದದ್ದು ಒಂದೇ ಒಂದು ಪ್ಲಗಿನ್. ಶೂಗಳ ನಕ್ಷೆ ಬಿಡಿಸುವ ಯಾರದೋ ದೊಡ್ಡ ಸಾಫ್ಟ್‌ವೇರಿಗೆ ಅದನ್ನು ಸೇರಿಸಿಕೊಂಡರೆ, ಚರ್ಮದ ದಪ್ಪಕ್ಕೆ ತಕ್ಕಂತೆ ಹೊಲಿಗೆಗೆ ಎಷ್ಟು ಅಂಚು ಬಿಡಬೇಕೆಂದು ಅದೇ ಲೆಕ್ಕ ಹಾಕಿ ಗೆರೆ ಎಳೆಯುತ್ತಿತ್ತು. ಕೋಡ್ ಅವನದು. ಅದನ್ನು ಬಳಸುವುದು ಹೇಗೆ ಎಂದು ತಿಳಿಸುವ ಹೆಲ್ಪ್ ಪುಟಗಳು ಅವಳವು. ಕೋಡ್ ಯಾರು ಬೇಕಾದರೂ ಬರೆದಾರು, ಗಿರಾಕಿಗಳು ಉಳಿದಿರುವುದು ಇವಳ ಪುಟಗಳಿಂದ ಎಂದು ಅವನೇ ಒಪ್ಪಿಕೊಳ್ಳುತ್ತಿದ್ದ.

ಆ ಪುಟಗಳು ಎಲ್ಲಿರಬೇಕು ಎಂಬುದಕ್ಕೆ ಮಾತ್ರ ಶುರುವಿನಲ್ಲಿ ಇಬ್ಬರಿಗೂ ಜಟಾಪಟಿ ನಡೆದಿತ್ತು.

“ಆನ್‌ಲೈನ್ ಇಡೋಣ ಕಣೇ. ತಪ್ಪಿದ್ರೆ ಇಲ್ಲಿ ತಿದ್ದಿದ ಕೂಡ್ಲೇ ಎಲ್ಲರಿಗೂ ಸರಿಯಾಗುತ್ತೆ,” ಎಂದಿದ್ದ ಅವನು.

“ನಿಮಗೇನ್ರೀ, ಹೇಳ್ತೀರ. ನಮ್ಮಪ್ಪ ಜೀವನಪೂರ್ತಿ ನೆಲಮಾಳಿಗೆಲಿ ಕೂತು ಶೂ ಹೊಲಿದೋರು. ಅಲ್ಲಿ ಫೋನೇ ಸಿಗ್ತಿರಲಿಲ್ಲ. ಕೈಯಲ್ಲಿ ಚರ್ಮ ಹಿಡ್ಕೊಂಡು ಹೆಲ್ಪ್ ಒತ್ತಿದೋನಿಗೆ ಖಾಲಿ ಪರದೆ ತೋರಿಸ್ತೀರಾ? ಅದಕ್ಕಿಂತ ಬೈದು ಕಳಿಸೋದೇ ವಾಸಿ.”

ಕೊನೆಗೆ ಎರಡನ್ನೂ ಇಟ್ಟರು. ಬಳಸುವವರು ಆನ್‌ಲೈನ್ ಅಥವಾ ಆಫ್‌ಲೈನ್ ಆರಿಸಿಕೊಳ್ಳಬಹುದು. ಆನ್‌ಲೈನ್ ಆರಿಸಿದವರಿಗೂ ನೆಟ್ ಹೋದರೆ ಅವರ ಕಂಪ್ಯೂಟರಿನಲ್ಲೇ ಇರುವ ಪುಟ ತಾನಾಗಿ ತೆರೆಯುತ್ತದೆ. ಅದನ್ನು ಪಟ್ಟು ಹಿಡಿದು ಮಾಡಿಸಿದವಳು ಅವಳೇ. ಪುಟ ತಿದ್ದಿದಾಗಲೆಲ್ಲ “ನೆಲಮಾಳಿಗೆಗೆ ಹೋಗಿ ಬರ್ತೀನಿ” ಎಂದು ತಮಾಷೆ ಮಾಡಿ, ಕಂಪ್ಯೂಟರಿನ ಹಿಂದಿನ ನೆಟ್ ವೈರ್ ಕಿತ್ತು, ಹೆಲ್ಪ್ ಒತ್ತಿ, ತಾನು ಬರೆದದ್ದು ಅಲ್ಲೂ ಇದೆಯೋ ಎಂದು ಕಣ್ಣಾರೆ ನೋಡುತ್ತಿದ್ದಳು. ಹಾಗೆ ನೋಡದ ಹೊರತು ಅವಳಿಗೆ ಊಟ ಸೇರುತ್ತಿರಲಿಲ್ಲ.

ಮರೆವು ಯಾವಾಗ ಮನೆಹೊಕ್ಕಿತೋ ಅವನಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಒಬ್ಬ ಹಳೆಯ ಗಿರಾಕಿ ಫೋನ್ ಮಾಡಿದಾಗ.

“ಮೇಡಮ್ಮು ಬರೆದ ಹಾಗೇ ಮಾಡಿದೆ ಸಾರ್. ಇಡೀ ಚರ್ಮ ಹಾಳಾಯ್ತು. ಯಾವತ್ತೂ ಹೀಗಾಗಿರಲಿಲ್ಲ.”

ಪುಟ ತೆರೆದು ನೋಡಿದರೆ, ಕತ್ತರಿಸುವ ಮೊದಲು ಚರ್ಮದ ದಪ್ಪ ತುಂಬಿ ಎಂಬ ಸಾಲೇ ಇರಲಿಲ್ಲ. ಕೇಳಿದ್ದಕ್ಕೆ ಅವಳು ರೇಗಿದಳು.

“ದಪ್ಪ ತುಂಬೋ ಬಟನ್ನೇ ಇಲ್ಲ ಕಣ್ರೀ. ಇಲ್ಲದ್ದನ್ನ ಇದೆ ಅಂತ ಬರೀಲಾ?”

ಬಟನ್ ಅವಳ ಕಣ್ಣೆದುರಿಗೇ ಇತ್ತು. ಅವನು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಮಿದುಳಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, ಇದು ನಿಲ್ಲುವ ಕಾಯಿಲೆಯಲ್ಲ, ಇನ್ನು ಇಳಿಜಾರೇ ಎಂದು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದರೆ ಏನು ಹಗುರಾಗುತ್ತದೋ ದೇವರೇ ಬಲ್ಲ.

ಅವಳು ಮಾತ್ರ ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು ಮೇಜಿಗೆ ಬಂದು ಕೂರುವುದನ್ನು ಬಿಡಲಿಲ್ಲ. ದಿನಾ ತಿದ್ದಿದಳು. ಆನ್‌ಲೈನ್ ಆದ್ದರಿಂದ ಅವಳು ತಿದ್ದಿದ್ದೆಲ್ಲ ಮರುಗಳಿಗೆಯಲ್ಲಿ ಎಲ್ಲೆಲ್ಲಿಯೋ ಕತ್ತರಿ ಹಿಡಿದು ಕೂತವರ ಮುಂದೆ ಹೋಗಿ ನಿಲ್ಲುತ್ತಿತ್ತು. ತಿದ್ದಲು ಬಿಟ್ಟರೆ ನಂಬಿದವರ ಕೆಲಸ ಕೆಡುತ್ತದೆ. ಬೇಡವೆಂದರೆ ಅವಳಿಗೆ ಉಳಿದಿರುವುದೇ ಆ ಮೇಜು. ಅವನು ಅಡಕತ್ತರಿಯಲ್ಲಿ ಸಿಕ್ಕಿಕೊಂಡ.

ಅವನು ಒಂದು ಉಪಾಯ ಹೂಡಿದ. ಅವಳು ನೆಟ್ಟಗಿದ್ದ ಕಾಲದ ಪುಟಗಳನ್ನು ಹುಡುಕಿ ತೆಗೆದು, ಎಲ್ಲ ಗಿರಾಕಿಗಳಿಗೂ ಅವನ್ನೇ ಆಫ್‌ಲೈನಾಗಿ ಕಳಿಸಿದ. ಆರಿಸಿಕೊಳ್ಳುವ ಅವಕಾಶವನ್ನೇ ತೆಗೆದುಬಿಟ್ಟ. ಯಾರಾದರೂ ತಪ್ಪಿ ಹಳೆಯ ದಾರಿ ಹಿಡಿದಾರೆಂದು ಆಫ್‌ಲೈನಿನ ಮೊದಲ ಪುಟದ ನೆತ್ತಿಯಲ್ಲಿ ಒಂದು ಸೂಚನೆ ಬರೆದ: ಆನ್‌ಲೈನ್ ಪುಟಗಳಲ್ಲಿ ತಪ್ಪುಗಳಿವೆ, ದಯವಿಟ್ಟು ಅವನ್ನು ನಂಬಬೇಡಿ. ಆನ್‌ಲೈನ್ ಪುಟಗಳು ಅವಳ ಪಾಲಿಗೆ ಉಳಿದವು. ಅವಳು ಬರೆದಳು, ಯಾರೂ ಓದಲಿಲ್ಲ. ಪುಟದ ಕೆಳಗಿದ್ದ ‘ಉಪಯೋಗವಾಯಿತು’ ಎಂಬ ಬಟನ್ನನ್ನು ಅವನೇ ತನ್ನ ಮೇಜಿನಿಂದ ಆಗಾಗ ಒತ್ತುತ್ತಿದ್ದ.

“ಇವತ್ತೂ ಓದಿದಾರೆ ಕಣ್ರೀ!” ಎಂದು ಅವಳು ಟೀ ಲೋಟ ಹಿಡಿದು ಹಿಗ್ಗುತ್ತಿದ್ದಳು.

“ಓದದೆ ಏನು? ನೀನು ಬರೆದದ್ದು ಅಂದ್ರೆ ಸುಮ್ನೇನಾ?”

ಈ ಸುಳ್ಳಿಗೆ ಅವನು ಒಗ್ಗಿಹೋದ. ಅವಳ ನಗು ನೋಡಿದರೆ ಒಗ್ಗದೆ ಇರುವುದು ಕಷ್ಟವೇ ಇತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ಎಷ್ಟೋ ಕಾಲದಿಂದ ಬಿಟ್ಟಿದ್ದ ಅಭ್ಯಾಸ ಅವಳ ಕೈಗೆ ನೆನಪಾಯಿತು. ಅವನು ಅಡುಗೆಮನೆಯಲ್ಲಿ ಹಾಲಿಗೆ ಕಾದು ನಿಂತಿದ್ದ. “ನೆಲಮಾಳಿಗೆಗೆ ಹೋಗಿ ಬರ್ತೀನಿ” ಎಂಬ ದನಿ ಕೇಳಿ ಮೊದಲು ಖುಷಿಯಾಯಿತು. ಆಮೇಲೆ, ಗಿರಾಕಿಗಳಿಗೆ ಕಳಿಸಿದ ಪುಟಗಳೇ ಅವಳ ಕಂಪ್ಯೂಟರಿಗೂ ಇಳಿದಿವೆ ಎಂದು ಹೊಳೆಯಿತು. ಓಡಿ ಬಂದ. ಕಿತ್ತ ವೈರ್ ಅವಳ ತೊಡೆಯ ಮೇಲಿತ್ತು. ಪರದೆಯ ಮೇಲೆ ಅವನೇ ಬರೆದ ಸೂಚನೆ ಇತ್ತು.

“ತಪ್ಪುಗಳಿವೆ ಅಂತೆ,” ಎಂದಳು. “ನಂಬಬೇಡಿ ಅಂತೆ. ಯಾರ್ರೀ ಬರೆದಿದ್ದು?”

ಅವನು ವೈರಿಗೆ ಕೈ ಚಾಚಿದ. ಅವಳು ಬಿಡಲಿಲ್ಲ.

“ಹಾಗಾದ್ರೆ ದಿನಾ ನಾನು ಬರೀತಿದ್ದದ್ದು ಯಾರಿಗೆ?”

“ನನಗೆ. ನಾನು ಓದ್ತಿದ್ದೆ ಕಣೇ. ಒಂದೂ ಬಿಡದೆ ಓದ್ತಿದ್ದೆ.”

ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು. ಕೂಗಾಡಲಿಲ್ಲ. ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು, “ನಾನು ಅಷ್ಟು ಕೆಟ್ಟುಹೋಗಿದೀನಾ ರೀ?” ಎಂದು ಬಿಕ್ಕಿಬಿಕ್ಕಿ ಅತ್ತಳು. ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟ ವಾಸನೆ ಕೋಣೆಯವರೆಗೂ ಬಂತು. ಇಬ್ಬರೂ ಏಳಲಿಲ್ಲ.

ಮರುದಿನ ಅವಳು ತಲೆ ಬಾಚಿಕೊಂಡು ಮೇಜಿಗೆ ಬಂದಳು. “ಎಷ್ಟು ಜನ ಓದಿದಾರೋ ನೋಡೋಣ,” ಎಂದಳು. ನಿನ್ನೆಯದೆಲ್ಲ ಒರೆಸಿಹೋಗಿತ್ತು. ಸದ್ಯ ಬದುಕಿದೆ ಎಂದುಕೊಂಡ ಅವನು, ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೇ ಹೇಸಿಗೆಪಟ್ಟ. ಅಷ್ಟರಲ್ಲಿ ಅವಳ ಕೈ ಕಂಪ್ಯೂಟರಿನ ಹಿಂದೆ ತಡಕಾಡತೊಡಗಿತು. ತಲೆ ಮರೆತದ್ದನ್ನು ಕೈ ಮರೆಯುವಂತಿರಲಿಲ್ಲ. “ಟೀ ಕುಡಿದು ನೋಡಿದ್ರಾಯ್ತು ಬಾ,” ಎಂದು ಅವಳನ್ನು ಎಬ್ಬಿಸಿಕೊಂಡು ಹೋದ. ಟೀ ಕುಡಿಸಿ ಎಷ್ಟು ದಿನ ತಡೆದಾನು? ಆ ಸೂಚನೆಯನ್ನು ಅವಳು ಮತ್ತೆ ಮತ್ತೆ ಓದುತ್ತಾಳೆ, ಪ್ರತಿಸಲವೂ ಅದೇ ಮೊದಲ ಸಲವಾಗಿರುತ್ತದೆ.

ಅವಳು ಸ್ನಾನಕ್ಕೆ ಹೋದಾಗ ಅವಳ ಕಂಪ್ಯೂಟರಿನ ಮುಂದೆ ಕೂತ. ಸೂಚನೆಯೊಂದನ್ನೇ ಅಳಿಸಿದರೆ ಸಾಲದು. ಇವತ್ತು ತಿದ್ದಿದ್ದು ಅಲ್ಲಿಲ್ಲವೆಂದು ಅವಳಿಗೆ ತಿಳಿದೇ ತಿಳಿಯುತ್ತದೆ. ಅವಳು ತಿದ್ದಿದ ಕೂಡಲೇ ಅದು ಅವಳ ಆಫ್‌ಲೈನ್ ಪುಟಕ್ಕೂ ಇಳಿಯುವಂತೆ ಕೋಡ್ ಬರೆಯಬಹುದಿತ್ತು. ಕೂತರೆ ಸಂಜೆಗೆ ಮುಗಿಯುವ ಕೆಲಸ. ಕೂರುವ ತ್ರಾಣ ಅವನಲ್ಲಿರಲಿಲ್ಲ. ನಾಳೆ ಬರೆದರಾಯಿತು, ಸದ್ಯಕ್ಕೆ ಅವಳು ಅದನ್ನು ಓದದಿದ್ದರೆ ಸಾಕು ಎಂದುಕೊಂಡು ಆಫ್‌ಲೈನ್ ಪುಟಗಳನ್ನೆಲ್ಲ ಅವಳ ಕಂಪ್ಯೂಟರಿನಿಂದ ಅಳಿಸಿಬಿಟ್ಟ.

ಅವಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು ಕೂತಳು. ಒಂದು ಸಾಲು ತಿದ್ದಿದಳು. ವೈರ್ ಕಿತ್ತಳು. ಹೆಲ್ಪ್ ಒತ್ತಿದಳು.

ಪರದೆ ಬೆಳ್ಳಗಾಯಿತು.

ಮತ್ತೆ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ತಿರುಗಿ ಅವನನ್ನು ನೋಡಿದಾಗ ಅವಳ ಕಣ್ಣಲ್ಲಿದ್ದ ಹೆದರಿಕೆಯನ್ನು ಅವನು ಹಿಂದೆಂದೂ ಕಂಡಿರಲಿಲ್ಲ, ಡಾಕ್ಟರ ಕೋಣೆಯಲ್ಲಿಯೂ ಕಂಡಿರಲಿಲ್ಲ.

“ರೀ, ಏನೂ ಇಲ್ಲ. ಒಂದು ಅಕ್ಷರಾನೂ ಇಲ್ಲ.”

“ನೆಟ್ ಇಲ್ಲ ಅಷ್ಟೇ ಕಣೇ. ತಾಳು, ವೈರ್ ಹಾಕ್ತೀನಿ,” ಎಂದು ಅವನು ಮೇಜಿನ ಹಿಂದೆ ಬಗ್ಗಿದ. ವೈರ್ ತೂತಿಗೆ ಕೂರಲಿಲ್ಲ.

“ನೆಟ್ ಇಲ್ದಿದ್ರೂ ಇರಬೇಕಿತ್ತು. ಅದಕ್ಕೇ ಅಲ್ವಾ ಇಟ್ಟಿದ್ದು?” ಅವಳು ಅವನ ತೋಳು ಹಿಡಿದುಕೊಂಡಳು. “ನಿಜ ಹೇಳಿ. ನಾನು ಬರೆದಿದ್ದೆ ಅಲ್ವಾ?”

“ಬರೆದಿದ್ದೆ. ಎಲ್ಲಾನೂ ನೀನೇ ಬರೆದಿದ್ದೆ.”

“ಸುಳ್ಳು,” ಎಂದಳು. “ಬರೆದಿದ್ರೆ ಇರ್ತಿತ್ತು.”