ತುಂಬೋದೋ, ತುಮ್ಮೋದೋ?

ಊರಿಗೆ ಹೊರಡೋ ಹೊತ್ತಿಗೇ ನೆಗಡಿ ವಕ್ಕರಿಸದ ಮನೆ ಯಾವುದಿದೆ ಹೇಳಿ! ವಿಶಾಖಪಟ್ಟಣದ ಗಾಜುವಾಕದಲ್ಲಿದ್ದ ಹೇಮಾಕ್ಷಮ್ಮನಿಗೂ ಹಾಗೇ ಆಯಿತು. ಮರುದಿನ ವಿಜಯವಾಡದಲ್ಲಿ ಮಗಳು ತೃಪ್ತಿಯ ಸೀಮಂತ. ಚೊಚ್ಚಲ ಬಸುರಿ. ಹಸಿರು ಸೀರೆ ಮೊದಲೇ ಬೀಗರ ಮನೆ ಸೇರಿತ್ತು. ತಂಬಿಟ್ಟು ಡಬ್ಬಿಯಲ್ಲಿತ್ತು, ರೈಲಿನ ಟಿಕೆಟ್ಟು ಗಂಡ ಕೆಂಪಣ್ಣನ ಜೇಬಿನಲ್ಲಿತ್ತು. ಹೇಮಾಕ್ಷಮ್ಮನ ಮೂಗು ಸೋರುತ್ತಿತ್ತು, ಮೈ ಕೆಂಡವಾಗಿತ್ತು.

ಅದು 2009. ಎಲ್ಲಿ ನೋಡಿದರೂ ಹಂದಿಜ್ವರದ್ದೇ ಮಾತು.

"ಡಾಕ್ಟ್ರನ್ನ ಒಂದು ಮಾತು ಕೇಳಾಣ ಕಣೇ," ಎಂದ ಕೆಂಪಣ್ಣ.

"ಸುಮ್ನಿರಿ! ನಾವೇನು ಹಂದಿ ಸಾಕಿದ್ದೀವಾ? ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕಾಗುತ್ತಾ?"

"ಕೊಯ್ಕೋಬೇಡಿ ಆಂಟಿ, ಮುಚ್ಕೊಳ್ಳಿ!" ಎಂದು ನಗುತ್ತಾ ಕೆಳಮನೆಯ ಹಾರಿಕಾ ಬಾಗಿಲಲ್ಲೇ ನಿಂತಳು. ಆಸ್ಪತ್ರೆಯಲ್ಲಿ ನರ್ಸು. ಅವಳಮ್ಮ ತೆಲುಗಿನವರು, ಅಪ್ಪ ಬಳ್ಳಾರಿಯವರು. "ಈ ಜ್ವರ ಈಗ ಮನುಷ್ಯರಿಂದ ಮನುಷ್ಯರಿಗೇ ಹರಡ್ತಾ ಇದೆ ಆಂಟಿ. ಸೀನು, ಕೆಮ್ಮು ಸಾಕು. ಬಸುರಿಯರಿಗಂತೂ ಅಪಾಯ ಜಾಸ್ತಿ. ಫೋನಲ್ಲೇ ಡಾಕ್ಟ್ರನ್ನ ಕೇಳಿಬಿಡೋಣ, ನಂಬರ್ ಕೊಡ್ತೀನಿ."

ಕೆಂಪಣ್ಣ ಮೊಬೈಲಿನ ಸ್ಪೀಕರ್ ಒತ್ತಿ ಹೆಂಡತಿಯ ಮುಂದೆ ಹಿಡಿದ.

"ತುಮ್ಮುಲು ವಸ್ತುನ್ನಾಯಾ ಅಮ್ಮಾ?" ಡಾಕ್ಟರು ಕೇಳಿದರು.

ಹೇಮಾಕ್ಷಮ್ಮನ ತೆಲುಗು ಇನ್ನೂ ತರಕಾರಿ ಅಂಗಡಿ ದಾಟಿರಲಿಲ್ಲ. "ಹೂಂ ಡಾಕ್ಟ್ರೇ, ನಾಳೇನೇ ತುಂಬೋದು! ಅಕ್ಕಿ, ಕೊಬ್ಬರಿ, ಬಾಳೆಹಣ್ಣು, ಎಲ್ಲಾ ತುಂಬ್ತೀನಿ!"

ಆ ಕಡೆ ಡಾಕ್ಟರು ಬೆಪ್ಪಾದರು. ಹಾರಿಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಆಂಟಿ, ತೆಲುಗಲ್ಲಿ ತುಮ್ಮು ಅಂದ್ರೆ ಸೀನು! ಸೀನು ಬರ್ತಾ ಇದೆಯಾ ಅಂತ ಕೇಳ್ತಿದ್ದಾರೆ." ಆಮೇಲೆ ಮೆಲ್ಲಗೆ ಕೇಳಿದಳು: "ಅಲ್ಲಾ ಆಂಟಿ, ಮಡಿಲು ತುಂಬೋಕೆ ಅಂತ ಹೋಗಿ ತುಮ್ಮಿ ಬಂದ್ರೆ?"

ಹೇಮಾಕ್ಷಮ್ಮ ದೊಪ್ಪನೆ ಕುಳಿತರು. "ಅಯ್ಯೋ ನನ್ನವ್ವಾ! ಕೈಯಾರೆ ಮಗಳಿಗೆ ರೋಗ ಉಡುಗೊರೆ ಕೊಡ್ತಿದ್ನಲ್ಲಾ!"

ಡಾಕ್ಟರು ಹೇಳಿದ್ದನ್ನು ಹಾರಿಕಾ ಕನ್ನಡದಲ್ಲಿ ಹೇಳಿದಳು: ಯಾವ ಜ್ವರವಾದರೂ ಸರಿ, ವಾಸಿಯಾಗುವವರೆಗೆ ಮನೆಯಲ್ಲೇ ಇರಬೇಕು. ಉಸಿರಾಟ ಕಷ್ಟವಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಬರಬೇಕು.

"ಹಂಗಾದ್ರೆ ನನ್ ಮಗಳು ತಾಯಿ ಇಲ್ಲದೋಳ ಹಂಗೆ ಹಸೆ ಮೇಲೆ ಕೂರಬೇಕಾ?" ಹೇಮಾಕ್ಷಮ್ಮ ಅತ್ತೇಬಿಟ್ಟರು.

"ಯಾಕೆ? ನನ್ನ ಲ್ಯಾಪ್‌ಟಾಪ್ ಕೊಡ್ತೀನಿ, ಕಂಪ್ಯೂಟರಲ್ಲಿ ನೀವೂ ಅಲ್ಲಿರ್ತೀರಿ," ಎಂದಳು ಹಾರಿಕಾ.

"ಡಬ್ಬದೊಳಗಿನ ಆಶೀರ್ವಾದ ಯಾರಿಗೆ ತಟ್ಟುತ್ತೆ, ಹೋಗೇ!"

ಆದರೂ ಬೆಳಿಗ್ಗೆ ಹೇಮಾಕ್ಷಮ್ಮ ಮಲ್ಲಿಗೆ ಮುಡಿದು, ರೇಷ್ಮೆ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತರು. ಹಾರಿಕಾ ಬಾಗಿಲಿಂದಲೇ ಹೇಳಿಕೊಟ್ಟಳು, ಕೆಂಪಣ್ಣ ಗುಂಡಿ ಒತ್ತಿದ. ಅತ್ತ ವಿಜಯವಾಡದಲ್ಲಿ ಅಳಿಯ ಅನಿಲ್‌ಕುಮಾರ್ ಹಸೆಯ ಎದುರಿಗೇ ಕಂಪ್ಯೂಟರ್ ಇಟ್ಟಿದ್ದ. ತೃಪ್ತಿ ಕಂಡಳು! ಹಸಿರು ಸೀರೆ, ಕೈತುಂಬ ಬಳೆ. ಚಿತ್ರ ನಡುನಡುವೆ ನಿಂತುಬಿಡುತ್ತಿತ್ತು. ನಿಂತರೆ ನಿಲ್ಲಲಿ, ಫೋನಿನಲ್ಲಿ ಮಾತು ಕೇಳುತ್ತಿತ್ತಲ್ಲ!

"ವದಿನಗಾರೂ," ಎಂದು ಕೂಗಿದರು ಬೀಗಿತ್ತಿ ಸೀತಾಮಹಾಲಕ್ಷ್ಮಿ, "ನೋರು ಮೀದಿ, ಚೆಯ್ಯಿ ನಾದಿ!" ಅತ್ತಿಗೆಯವರೇ, ಬಾಯಿ ನಿಮ್ಮದು, ಕೈ ನನ್ನದು ಎಂದರು.

ಹೇಮಾಕ್ಷಮ್ಮ ಇಲ್ಲಿಂದ ಸೋಬಾನೆ ಹಾಡಿದರು, ಸೀತಾಮಹಾಲಕ್ಷ್ಮಿ ಅಲ್ಲಿ ಮಡಿಲು ತುಂಬಿದರು. ಸರಿಯಾಗಿ ಕೊನೆಯ ಹಿಡಿ ಅಕ್ಕಿ ಬೀಳುವಾಗ...

"ಆ... ಕ್ಷೀ!"

ಒಂಟಿ ಸೀನು! ಶುಭಗಳಿಗೆಯಲ್ಲಿ ಅಪಶಕುನ! ಸೀನಿದ ಹೇಮಾಕ್ಷಮ್ಮ ಹಾಡು ನಿಲ್ಲಿಸಿ ಮೂಗು ಹಿಡಿದುಕೊಂಡರು. ವಿಜಯವಾಡದ ಹೆಂಗಸರೆಲ್ಲ ತೆರೆಯಿಂದ ಹಿಂದೆ ಸರಿದರು. ಅಷ್ಟರಲ್ಲಿ ಇನ್ನೊಂದು "ಆಕ್ಷೀ!"

"ರೆಂಡು! ಶುಭಂ!" ಎರಡಾಯಿತು, ಇನ್ನು ಶುಭವೇ ಎಂದು ಚಪ್ಪಾಳೆ ತಟ್ಟಿದರು ಸೀತಾಮಹಾಲಕ್ಷ್ಮಿ. ಮನೆಯೆಲ್ಲ ಗೊಳ್ಳೆಂದಿತು. ತೃಪ್ತಿ ಕಣ್ಣೀರು ಬರುವಂತೆ ನಕ್ಕಳು. "ಅಮ್ಮಾ, ನಿನ್ನ ಹಾಡು ಬಂತು, ಆಶೀರ್ವಾದಾನೂ ಬಂತು. ಸೀನು ಮಾತ್ರ ಗಾಜುವಾಕದಲ್ಲೇ ಉಳೀತು ನೋಡು!"

"ಉಳೀಲಿ ಬಿಡು ತಾಯಿ," ಎಂದು ಹೇಮಾಕ್ಷಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕರು. "ಮಗೂನ ಎತ್ಕೊಳ್ಳೋಕೆ ವಾಸಿಯಾಗೇ ಬರ್ತೀನಿ." ಡಬ್ಬಿಯ ತಂಬಿಟ್ಟು ಕೆಂಪಣ್ಣನ ಪಾಲಾಯಿತು.

ಕೇಳಿದಿರಲ್ಲ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ? ಜ್ವರ, ಕೆಮ್ಮು ಇದ್ದಾಗ ಬಸ್ಸು, ರೈಲು, ಸಮಾರಂಭ ಬೇಡ. ಫೋನ್ ಎತ್ತಿ, ಮೊದಲು ಡಾಕ್ಟರಿಗೆ, ಆಮೇಲೆ ನಿಮ್ಮವರಿಗೆ. ಸೀನುವಾಗ ಬಟ್ಟೆ ಅಡ್ಡ ಹಿಡಿಯಿರಿ, ಸೋಪಿನಿಂದ ಕೈ ತೊಳೆಯಿರಿ. ಪ್ರೀತಿ ಎಷ್ಟು ದೂರ ಬೇಕಾದರೂ ಹೋಗಲಿ, ಸೀನು ಹೊಸ್ತಿಲು ದಾಟದಿರಲಿ.