ಕೆರೆ ಏರಿಯ ಮೇಲೆ ರಾಣಿ, ಬೆಳ್ಳಿ

ಹೊಂಗನೂರಿನ ಕೆಂಚಮ್ಮನಿಗೆ ಬೆಳಗಾಗೆದ್ದರೆ ಕಾಫಿಯ ಘಮಕ್ಕಿಂತ ಮೊದಲು ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಬೇಕು. ಹುಳದ ಮನೆಯ ಹೊಸ್ತಿಲಿಗೆ ಸುಣ್ಣದ ಪುಡಿ, ಬಾಗಿಲ ಪಕ್ಕದಲ್ಲಿ ಕಾಲು ಅದ್ದಲು ಬ್ಲೀಚಿಂಗ್ ನೀರು, ತೊಳೆದು ಗೋಡೆಗೆ ಒರಗಿಸಿದ ಬಿದಿರು ತಟ್ಟೆಗಳು, ಇಷ್ಟಾದರೆ ಅವಳ ಪಾಲಿಗೆ ಬೆಳಗಾದಂತೆ. ರೇಷ್ಮೆ ಹುಳ ಸಾಕಿಯೇ ಬದುಕಿದ ಮನೆ ಅದು. ಹೊರಗಿನ ಕಾಲಿನ ಧೂಳು ಒಳಗೆ ಹೋದರೆ ಹುಳಕ್ಕೆ ರೋಗ ಬರುತ್ತದೆಂದು ಅತ್ತೆಯಿಂದ ಕಲಿತವಳು, ಹೆತ್ತ ಮಗನನ್ನೂ ಕಾಲು ತೊಳೆಯದೆ ಒಳಕ್ಕೆ ಬಿಟ್ಟವಳಲ್ಲ.

ಈಚೆಗೆ ಆ ತೊಳೆಯುವ ಸಾಮಾನಿನ ಜೊತೆಗೆ ಇನ್ನೊಂದು ಸೇರಿಕೊಂಡಿತ್ತು. ಅದು ಹೊಸ ನಾಯಿ ಮಲಗುವ ಗೋಣಿತಾಟು.

ನಾಯಿಯ ಹೆಸರು ಬೆಳ್ಳಿ. ಹೊಸ ಸೊಸೆ ಪ್ರತಿಮಾಳ ಹಿಂದೆ ಬಂದದ್ದು. ಹಾಗೆ ನೋಡಿದರೆ ಹಿಂದೆಯೂ ಅಲ್ಲ. ಸೊಸೆ ಬರುತ್ತಾಳೆಂದು ಜಗುಲಿಯಲ್ಲಿ ಕಾದು ನಿಂತವರ ಮುಂದೆ ಆಟೋದಿಂದ ಮೊದಲು ಇಳಿದದ್ದೇ ಅದು. ಕೆಂಚಮ್ಮನ ಮಗ ಮಹೇಂದ್ರನ ಮೊದಲ ಹೆಂಡತಿ ಸುಚಿತ್ರಾ ಕಾಮಾಲೆಯಾಗಿ ತೀರಿಹೋಗಿದ್ದಳು. ಮರಳವಾಡಿ ಕಡೆಯ ಪ್ರತಿಮಾ ಗಂಡ ಅನಂತರಾಜುವನ್ನು ಲಾರಿಯ ಚಕ್ರಕ್ಕೆ ಕಳೆದುಕೊಂಡವಳು. ಎರಡೂ ಕಡೆಯ ಹಿರಿಯರು ಕೂತು ಮಾತಾಡಿ, ಕೆಂಗಲ್ಲಿನ ಗುಡಿಯಲ್ಲಿ ಹಾರ ಹಾಕಿಸಿ ಮದುವೆ ಮುಗಿಸಿದ್ದರು. ಚಪ್ಪರವಿಲ್ಲ, ವಾಲಗವಿಲ್ಲ. ಒಂದು ಸಲ ತಾಳಿ ಕಂಡವಳಿಗೆ ಅದೆಲ್ಲ ಯಾಕೆ ಎಂದು ಊರು ಅಂದಿತ್ತು. ಒಂದು ಸಲ ತಾಳಿ ಕಟ್ಟಿದವನ ಬಗ್ಗೆ ಯಾರೂ ಆ ಮಾತು ಎತ್ತಲಿಲ್ಲ.

ಬೆಳ್ಳಿಯನ್ನು ಬಿಟ್ಟು ಬರೋಣವೆಂದರೆ ಬಿಡಲು ಅಲ್ಲಿ ಯಾರೂ ಉಳಿದಿರಲಿಲ್ಲ. ಪ್ರತಿಮಾಳ ಊರಿನ ಹೊಲಗಳು ಕೈಗಾರಿಕೆಗೆಂದು ಹೋಗಿದ್ದವು. ಮನೆಗಳನ್ನು ಜೆಸಿಬಿ ಕೆಡವಿತ್ತು. ಜನ ಪಾತ್ರೆ ಪಗಡೆ, ದನ ಕರು ಕಟ್ಟಿಕೊಂಡು ದಿಕ್ಕಿಗೊಬ್ಬರು ಹೋದರು, ನಾಯಿಗಳನ್ನು ಮಾತ್ರ ಯಾರೂ ಲಗೇಜಿನೊಳಗೆ ಸೇರಿಸಲಿಲ್ಲ. ಅವು ಫ್ಯಾಕ್ಟರಿಯ ಹೊಸ ಕಾಂಪೌಂಡಿನ ಉದ್ದಕ್ಕೂ ತಮ್ಮ ಮನೆಯ ಬಾಗಿಲು ಹುಡುಕುತ್ತ ಅಲೆಯುತ್ತಿದ್ದವು. ಅನಂತರಾಜು ಮರಿಯಿಂದ ಸಾಕಿದ ಬೆಳ್ಳಿಯನ್ನು ಅವುಗಳ ನಡುವೆ ಬಿಟ್ಟುಬರಲು ಪ್ರತಿಮಾಳಿಗೆ ಮನಸ್ಸಾಗಲಿಲ್ಲ.

ಇತ್ತ ಹೊಂಗನೂರಿನ ಮನೆಯಲ್ಲಿ ರಾಣಿ ಇತ್ತು. ಸುಚಿತ್ರಾ ಮಡಿಲಲ್ಲಿಟ್ಟುಕೊಂಡು ಬೆಳೆಸಿದ ಕೆಂಚು ನಾಯಿ. ಅವಳು ಹೋದ ಮೇಲೆ ಕೆಂಚಮ್ಮನ ಸೆರಗು ಬಿಟ್ಟು ಕದಲುತ್ತಿರಲಿಲ್ಲ. ಎರಡೂ ಹೆಣ್ಣು ನಾಯಿ, ಎರಡೂ ತೀರಿಹೋದವರ ನಾಯಿ. ಬಂದ ದಿನವೇ ಅಂಗಳದಲ್ಲಿ ಉರುಳಾಡಿ ಕಚ್ಚಾಡಿದವು. ಮಹೇಂದ್ರ ಕೊಡ ನೀರು ಎರಚಿ ಬಿಡಿಸುವಷ್ಟರಲ್ಲಿ ರಾಣಿಯ ಕಿವಿ ಹರಿದಿತ್ತು.

"ಚಾಕಿ ಕೇಂದ್ರದಿಂದ ಮರಿಹುಳ ಬರೋದ್ರೊಳಗೆ ಇವೆರಡೂ ಒಂದಾಗ್ಬೇಕು. ಹುಳದ್ ಮನೆ ಮುಂದೆ ಈ ರಂಪ ಆಗಕಿಲ್ಲ," ಎಂದ ಮಹೇಂದ್ರ. "ಇಲ್ದಿದ್ರೆ ಆ ಬೆಳ್ಳೀನ ಕೆಂಗಲ್ ತಾವ ಬುಟ್ಟು ಬತ್ತೀನಿ. ಗುಡಿ ತಾವ ಪ್ರಸಾದ ತಿನ್ಕಂಡು ಇರ್ತದೆ."

"ಅದು ಹೈವೇ ಕಣ್ರೀ," ಎಂದಳು ಪ್ರತಿಮಾ. ತಲೆ ತಗ್ಗಿಸಿ ಬೆಳ್ಳಿಯ ಹಗ್ಗವನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಹೇಂದ್ರನೂ ತಲೆ ತಗ್ಗಿಸಿದ, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸೊಸೆಗೂ ಒಂದು ಗೆರೆ ಬಿದ್ದಿತ್ತು. ಕೆಂಚಮ್ಮ ಅದನ್ನು ಜೋರು ಮಾಡದೆ, ನಯವಾಗಿಯೇ ಹೇಳಿದ್ದಳು. "ಅಡುಗೆ ಮನೆ ನಿಂದೇ ಕಣವ್ವ, ದನದ ಕೊಟ್ಟಿಗೆ ನಿಂದೇ. ಹುಳದ ಮನೆ ಒಂದ್ ಮಾತ್ರ ಬ್ಯಾಡ. ಹುಳ ಅಂದ್ರೆ ಲಕ್ಷ್ಮಿ. ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ಊರೋರು ನಿನ್ ಕೈಗುಣ ಅಂತಾರೆ." ಪ್ರತಿಮಾ ತಲೆಯಾಡಿಸಿದ್ದಳು. ತೋಟದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರೆ ಕಟ್ಟಿ ತರುತ್ತಿದ್ದಳು, ಹೊಸ್ತಿಲ ಈಚೆಗೆ ಇಳಿಸಿ ನಿಲ್ಲುತ್ತಿದ್ದಳು. ಅದೇ ಕೈ ಕೊಯ್ದ ಸೊಪ್ಪು ಒಳಗೆ ಹೋಗುತ್ತಿತ್ತು, ಕೈ ಮಾತ್ರ ಹೊರಗೆ ಉಳಿಯುತ್ತಿತ್ತು.

ಒಂದು ಬೆಳಿಗ್ಗೆ ಕೆಂಚಮ್ಮ ಎಂದಿನಂತೆ ಬೆಳ್ಳಿಯ ತಾಟನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ತಿಕ್ಕುತ್ತಿದ್ದಳು. ಪ್ರತಿಮಾ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಅತ್ತೆ, ಒಂದ್ ಮಾತ್ ಹೇಳ್ಲಾ? ಅದನ್ನ ತೊಳೀಬ್ಯಾಡಿ."

"ಯಾಕವ್ವ? ಎಲ್ಲಿಂದಲೋ ಬಂದಿರೋ ನಾಯಿ. ವಾಸ್ನೆ ಹೋಗ್ಬೇಡ್ವಾ?"

"ಆ ವಾಸ್ನೇನೇ ಅಲ್ವಾ ಅತ್ತೆ ಅದ್ರ ಗುರುತು. ರಾಣಿ ಇವತ್ತು ಮೂಸಿ ಒಸಿ ಗುರುತು ಮಾಡ್ಕಂಡ್ರೆ, ನಾವು ನಾಳೆ ಅದನ್ನೇ ತೊಳೆದ್ಬುಡ್ತೀವಿ. ದಿನಾ ಹೊಸಬಳಾಗಿ ನಿಂತ್ರೆ ಅದು ಯಾವತ್ತು ಹಳಬಳಾಗೋದು?"

ಕೆಂಚಮ್ಮನ ಕೈ ನಿಂತಿತು. ನಾಯಿಯ ಮಾತೇ ಆಡಿದ್ದಳು ಸೊಸೆ, ದನಿಯಲ್ಲಿ ಕೊಂಕೂ ಇರಲಿಲ್ಲ. ಆದರೂ ಮುದುಕಿಗೆ ಯಾಕೋ ಕಸಿವಿಸಿಯಾಯಿತು. ತಾಟನ್ನು ಹಿಂಡದೆ ಹಾಗೆಯೇ ಕಲ್ಲಿನ ಮೇಲೆ ಬಿಟ್ಟು ಎದ್ದಳು.

ಅವತ್ತಿನಿಂದ ಪ್ರತಿಮಾಳ ಉಪಾಯ ಶುರುವಾಯಿತು. ರಾಣಿಯ ತಾಟನ್ನು ಕೊಟ್ಟಿಗೆಯಲ್ಲಿದ್ದ ಬೆಳ್ಳಿಗೆ ಹಾಸಿದಳು, ಬೆಳ್ಳಿಯದನ್ನು ಜಗುಲಿಯಲ್ಲಿದ್ದ ರಾಣಿಗೆ. ರಾಣಿ ಗುರ್ರೆಂದಿತು, ಕಾಲಿನಿಂದ ಎಳೆದುಹಾಕಿತು, ತಣ್ಣನೆ ನೆಲದ ಮೇಲೆ ಮುನಿಸಿಕೊಂಡು ಮಲಗಿತು. ಬೆಳಿಗ್ಗೆ ನೋಡಿದರೆ ತಾಟಿನ ಮೇಲೆಯೇ ಮುದುರಿಕೊಂಡಿತ್ತು. ಇನ್ನು ಎರಡನ್ನೂ ಒಟ್ಟಿಗೆ ನಡೆಸಬೇಕು, ಮನೆಯಲ್ಲಲ್ಲ, ಯಾರದ್ದೂ ಅಲ್ಲದ ಜಾಗದಲ್ಲಿ ಎಂದಳು ಪ್ರತಿಮಾ. ಕೆರೆ ಏರಿಗಿಂತ ಒಳ್ಳೆಯ ಜಾಗ ಎಲ್ಲಿದೆ? ತೊಡಕು ಬಂದದ್ದು ಬೇರೆ ಕಡೆಯಿಂದ. ರಾಣಿ ಹಗ್ಗ ಹಾಕಿಸಿಕೊಂಡು ಕೆಂಚಮ್ಮನ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಹೊರಡಲೊಲ್ಲದು. ಹೀಗಾಗಿ ಮಂಡಿ ನೋವಿನ ಕೆಂಚಮ್ಮ, ವಯಸ್ಸಿದ್ದಾಗ ಮಾಡದ ವಾಕಿಂಗನ್ನು ಮುಪ್ಪಿನಲ್ಲಿ ಶುರುಮಾಡಬೇಕಾಯಿತು.

ಮೊದಲು ಏರಿಯ ಆ ತುದಿಯಲ್ಲಿ ಒಬ್ಬರು, ಈ ತುದಿಯಲ್ಲಿ ಒಬ್ಬರು. ಕೆರೆಯ ಮೇಲೆ ಇಬ್ಬನಿ ಕೂತಿರುತ್ತಿತ್ತು. ಮುಂದೆ ಹೋಗುವ ಸೊಸೆಯೂ ನಾಯಿಯೂ ಕೆಂಚಮ್ಮನ ಕಣ್ಣಿಗೆ ಮಸುಕು ಮಸುಕು. ಒಮ್ಮೊಮ್ಮೆ ಆ ನಡಿಗೆ ಸುಚಿತ್ರಾಳದೇ ಅನ್ನಿಸುತ್ತಿತ್ತು, ಒಮ್ಮೊಮ್ಮೆ ಹೊಸದಾಗಿ ಈ ಊರಿಗೆ ಬಂದ ತನ್ನದೇ ಅನ್ನಿಸುತ್ತಿತ್ತು. ಬೆಳ್ಳಿ ನಡೆದ ಜಾಡನ್ನು ರಾಣಿ ಮೂಸುತ್ತ ಹೋಗುತ್ತಿತ್ತು. ತಿರುಗಿ ಬರುವಾಗ ರಾಣಿ ಮುಂದೆ, ಬೆಳ್ಳಿ ಹಿಂದೆ. ದಿನ ಕಳೆದಂತೆ ನಡುವಿನ ದೂರ ಕಡಿಮೆಯಾಗುತ್ತ ಬಂತು. ಗಂಟಲೆತ್ತಿ ಕೂಗಿದರೆ ಕೇಳುವಷ್ಟು, ಆಮೇಲೆ ಮಾತಾಡಿದರೆ ಕೇಳುವಷ್ಟು. ಕೇಳುವಷ್ಟು ಹತ್ತಿರವಾದ ಮೇಲೆ ಮಾತಾಡದೆ ಇರುವುದು ಇಬ್ಬರಿಗೂ ಆಗದ ಕೆಲಸವಾಯಿತು.

"ಅನಂತರಾಜು ಎಂಗಿದ್ದವ್ವ?" ಎಂದು ಕೆಂಚಮ್ಮನೇ ಒಂದು ದಿನ ಕೇಳಿದಳು.

ಪ್ರತಿಮಾ ಬೆಚ್ಚಿದಳು. ಈ ಊರಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ, ಎತ್ತಬಾರದೆಂದು ಅವಳೂ ತಿಳಿದಿದ್ದಳು. "ಜಾಸ್ತಿ ಮಾತಿಲ್ಲ ಅತ್ತೆ. ನಾಯಿ ತಾವ ಮಾತ್ರ ದಿನಪೂರ್ತಿ ಮಾತಾಡೋರು. ಅದಕ್ಕೇ ಇದಕ್ಕೆ ಗಂಡಸ್ರು ದನಿ ಎತ್ತಿದ್ರೆ ಕಿವಿ ನಿಮಿರ್ತದೆ."

"ನಮ್ ಸುಚಿತ್ರಾನೂ ಹಂಗೇ. ಈ ರಾಣಿಗೆ ಮುದ್ದೆ ಮುರಿದು ಹಾಕ್ದೆ ತಾನು ಉಣ್ತಿರ್ಲಿಲ್ಲ." ಕೆಂಚಮ್ಮ ರಾಣಿಯ ಹಗ್ಗವನ್ನು ಕೈಗೆ ಸುತ್ತಿಕೊಂಡಳು. "ನಿಮ್ಮಾವ ಹೋದ್ಮೇಲೆ ನಾನೂವೆ ಮೊದಲ್ನೇ ಸೊಪ್ಪು ಹಾಕಿಲ್ಲ ಕಣವ್ವ. ಹುಳ ಬಂದ ದಿನ ಮೊದಲ ಹಿಡಿ ಮುತ್ತೈದೇನೆ ಹಾಕ್ಬೇಕು. ಸುಚಿತ್ರಾ ಹಾಕೋಳು. ಅವಳು ಹೋದ್ಮೇಲೆ ಮಹೇಂದ್ರನೇ ಹಾಕ್ತಾನೆ. ನಿಂಗೊಬ್ಬಳಿಗೇ ಬ್ಯಾಡ ಅಂದೆ ಅಂದ್ಕೋಬ್ಯಾಡ."

"ನಿಮಗೆ ಹಾಕ್ಬ್ಯಾಡ ಅಂದೋರು ಯಾರು ಅತ್ತೆ?"

"ಯಾರೂ ಅನ್ನಲಿಲ್ಲ. ಕೈ ತಾನೇ ಹಿಂದಕ್ ಬಂತು."

"ನನ್ ಕೈ ತಾನಾಗೇ ಹಿಂದಕ್ ಬರ್ನಿಲ್ಲ," ಎಂದಳು ಪ್ರತಿಮಾ ಮೆಲ್ಲಗೆ. "ಬ್ಯಾರೇರು ಹಿಡ್ಕಂಡ್ರು."

ಎದುರಿಗೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಇಬ್ಬರನ್ನೂ ನೋಡಿ ನಿಂತಳು. "ಏನ್ ಕೆಂಚಕ್ಕ, ನಾಯಿಗಳ ಮೆರವಣಿಗೇನಾ? ಹುಳ ಯಾವತ್ತು ಬತ್ತದೆ? ಈ ಸಲ ಹುಷಾರು. ಮನೇಗೆ ಹೊಸ ಕಾಲು ಬಂದೈತೆ, ನೋಡ್ಕಂಡು ಮಾಡು. ನಿನ್ ಒಳ್ಳೇದಕ್ಕೇ ಹೇಳ್ತಿವ್ನಿ." ಅವಳ ಮಾತಿನಲ್ಲಿ ನಿಜಕ್ಕೂ ಕೆಡುಕಿರಲಿಲ್ಲ. ತವರಿನಲ್ಲಿ ಒಂದು ವರ್ಷ ಹುಳವೆಲ್ಲ ರೋಗ ಹತ್ತಿ ಹಾಲಿನಂಥ ರಸ ಕಕ್ಕಿ ಸತ್ತಾಗ ಅತ್ತು ಕೂತವಳು ಅವಳು. ಹುಳ ಸಾಕುವವರ ಭಯ ಹುಳ ಸಾಕುವವರಿಗೇ ಗೊತ್ತು. ಕೆಂಚಮ್ಮ ಎಂದಿನಂತೆ ಹೂಂ ಅನ್ನದೆ ರಾಣಿಯ ಹಗ್ಗ ಜಗ್ಗಿ ಮುಂದಕ್ಕೆ ಹೆಜ್ಜೆ ಹಾಕಿದಳು. ಮುಂದೆ ಪ್ರತಿಮಾ ತಲೆ ಬಗ್ಗಿಸಿ ಬೆಳ್ಳಿಯ ಹಗ್ಗ ಸರಿಮಾಡುತ್ತಿದ್ದಳು. ಹಗ್ಗ ಸರಿಯಾಗಿಯೇ ಇತ್ತು.

ಆ ಮಧ್ಯಾಹ್ನ ಕೆಂಚಮ್ಮ ಜಗುಲಿಯಲ್ಲಿ ಗೋಡೆಗೊರಗಿ ಕೂತವಳು ಜೊಂಪಿಗೆ ಜಾರಿದಳು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಬಿಸಿಲು ಅಂಗಳದ ತುಂಬ ಹಾಲಿನಂತೆ ಹರಡಿತ್ತು. ಸುಚಿತ್ರಾ ಮೆಟ್ಟಿಲ ಮೇಲೆ ಕೂತು ರಾಣಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬೆರಳಿಗೆ ಅರಿಶಿನ ಮೆತ್ತಿತ್ತು. "ಬಂದ್ಯೇನವ್ವ," ಎಂದಳು ಕೆಂಚಮ್ಮ.

"ಇಲ್ಲೇ ಇದೀನಿ ಅತ್ತೆ."

ಕಣ್ಣು ಬಿಟ್ಟು ನೋಡಿದರೆ ಪ್ರತಿಮಾ. ರಾಣಿಯ ಹರಿದ ಕಿವಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚುತ್ತಿದ್ದಳು. ಕೆಂಚಮ್ಮನನ್ನು ಬಿಟ್ಟು ಯಾರನ್ನೂ ಹತ್ತಿರ ಸೇರಿಸದ ನಾಯಿ ಕಣ್ಣುಮುಚ್ಚಿ ಬಿದ್ದುಕೊಂಡಿತ್ತು. ಬೆಳ್ಳಿ ಆಚೆ ಹುಣಿಸೆ ಮರದ ನೆರಳಲ್ಲಿ ಹಗ್ಗವಿಲ್ಲದೆ ಮಲಗಿತ್ತು. ಈ ಹುಡುಗಿಯನ್ನೂ ಆ ತಾಟಿನ ಹಾಗೆ ನಾನು ಎಷ್ಟು ಸಲ ತೊಳೆದೆನಲ್ಲ, ಅಂದುಕೊಂಡಳು ಕೆಂಚಮ್ಮ. ಕಣ್ಣು ಒದ್ದೆಯಾದದ್ದನ್ನು ಸೆರಗಿನಿಂದ ಒರೆಸಿಕೊಂಡು, ಬಿಸಿಲು ಅಂದಳು.

ಹುಳ ಬಂದ ದಿನ ಮನೆಯಲ್ಲಿ ಗಡಿಬಿಡಿ. ಚಾಕಿ ಕೇಂದ್ರದ ಜೀಪು ಬಾಗಿಲಿಗೇ ಬಂತು. ಮಹೇಂದ್ರ ಒದ್ದೆ ಬಟ್ಟೆ ಮುಚ್ಚಿದ ತಟ್ಟೆಗಳನ್ನು ಹುಳದ ಮನೆಯೊಳಗೆ ಇಳಿಸಿದ. ಬಂದುಹೋಗುವವರ ಗದ್ದಲದಲ್ಲಿ ಬೆಳ್ಳಿ ಹೆದರಿ ಕೊಟ್ಟಿಗೆಯಿಂದ ನೇರವಾಗಿ ಹುಳದ ಮನೆಯ ಬಾಗಿಲಿಗೆ ಓಡಿಬಂತು. ಅಲ್ಲಿ ರಾಣಿ ಮಲಗಿತ್ತು. ಹಗಲು ಹೊತ್ತು ಅದು ರಾಣಿಯ ಜಾಗ, ಸುಚಿತ್ರಾ ಇದ್ದಾಗಿನಿಂದಲೂ.

"ಹಿಡ್ಕಳಿ, ಹಿಡ್ಕಳಿ," ಎಂದು ಮಹೇಂದ್ರ ಕೋಲಿಗೆ ಕೈಹಾಕಿದ.

"ಕೋಲು ಬುಡ್ಲಾ," ಎಂದಳು ಕೆಂಚಮ್ಮ. "ಯಾರೂ ಮಾತಾಡ್ಬ್ಯಾಡಿ."

ರಾಣಿ ಎದ್ದು ನಿಂತಿತು. ಕತ್ತಿನ ಕೂದಲು ನಿಮಿರಿದವು. ಬೆಳ್ಳಿ ಮುಖ ಪಕ್ಕಕ್ಕೆ ತಿರುಗಿಸಿ ಅಲ್ಲಾಡದೆ ನಿಂತಿತು. ಪ್ರತಿಮಾ ಸೊಪ್ಪಿನ ಹೊರೆ ಹಿಡಿದು ನಿಂತೇ ಇದ್ದಳು. ಇದೊಂದು ಗಳಿಗೆ ಕೆಟ್ಟರೆ ಸಾಯಂಕಾಲಕ್ಕೆ ಬೆಳ್ಳಿ ಹೆದ್ದಾರಿಯ ಬದಿಯಲ್ಲಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ರಾಣಿ ಬೆಳ್ಳಿಯ ಕಿವಿ ಮೂಸಿತು, ಬೆನ್ನು ಮೂಸಿತು, ಬಾಲದ ತನಕ ನಿಧಾನವಾಗಿ ಮೂಸಿತು. ಆಮೇಲೆ ಒಂದು ಸೀನು ಸೀನಿ, ತನ್ನ ಜಾಗಕ್ಕೆ ಹೋಗಿ ಮಲಗಿತು. ಮಲಗುವಾಗ ಒಂದಿಷ್ಟು ಸರಿದು ಮಲಗಿತು. ಬೆಳ್ಳಿ ಅಲ್ಲಿಯೇ ಕುಸಿದು ಕೂತಿತು.

ಮಹೇಂದ್ರ ಕೋಲನ್ನು ಗೋಡೆಗೆ ಒರಗಿಸಿ ನಕ್ಕ. ಕೈಕಾಲು ತೊಳೆದುಕೊಂಡು ಬಂದು ಕೇಳಿದ, "ಅವ್ವ, ಹೊತ್ತಾಯ್ತು. ಮೊದಲ ಸೊಪ್ಪು ಹಾಕ್ಲಾ?"

ಹುಳ ನೋಡಲೆಂದು ಬಂದ ವೆಂಕಟಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದಳು. ಪ್ರತಿಮಾ ಹೊರೆಯನ್ನು ಹೊಸ್ತಿಲ ಈಚೆಗೆ ಇಳಿಸಿ, ಎಂದಿನಂತೆ ಹಿಂದಕ್ಕೆ ಸರಿದಳು. ಕೆಂಚಮ್ಮ ಸೊಸೆಯನ್ನು ನೋಡಿದಳು, ನೆರೆಯವಳನ್ನೂ ನೋಡಿದಳು. ಹುಳ ಎಂದ ಮೇಲೆ ಬರುವ ರೋಗ ಬಂದೇ ಬರುತ್ತದೆ, ಈ ಸಲವಲ್ಲದಿದ್ದರೆ ಮುಂದಿನ ಸಲ. ಬಂದ ದಿನ ಊರಿನ ಬಾಯಿ ಯಾರ ಕೈ ಹುಡುಕಿಕೊಂಡು ಹೋಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಬಗ್ಗಿ ಹೊರೆಯಿಂದ ಒಂದು ಹಿಡಿ ಎಳೆ ಸೊಪ್ಪು ತೆಗೆದುಕೊಂಡಳು. ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದಳು. ಬಟ್ಟೆ ಸರಿಸಿದರೆ, ತಟ್ಟೆಯ ತುಂಬ ಅಕ್ಕಿ ಕಾಳಿಗಿಂತ ಒಂಚೂರು ಉದ್ದದ ಹುಳಗಳು ತಲೆಯೆತ್ತಿ ತಡಕಾಡುತ್ತಿದ್ದವು. ಗಂಡ ಹೋದಂದಿನಿಂದ ಬರಿದಾಗಿದ್ದ ಆ ಕೈ ಈ ಸಲ ಹಿಂದಕ್ಕೆ ಬರಲಿಲ್ಲ. ಹುಳಗಳ ಮೇಲೆ ಸೊಪ್ಪನ್ನು ಉದುರಿಸಿತು.

"ಅವ್ವ," ಎಂದ ಮಹೇಂದ್ರ.

"ಏನ್ ಕೆಂಚಕ್ಕ, ಇದೇನ್ ಮಾಡ್ಬುಟ್ಟೆ?" ಎಂದಳು ವೆಂಕಟಲಕ್ಷ್ಮಮ್ಮ.

"ಮೊದಲ ಹಿಡಿ ನಾನ್ ಹಾಕ್ದೆ. ನೀನೇ ಕಣ್ಣಾರೆ ನೋಡ್ದೆಯಲ್ಲ," ಎಂದಳು ಕೆಂಚಮ್ಮ. "ನಾಳೆ ಬೆಳೆ ಕೆಟ್ರೆ ಕೆಂಚಮ್ಮನ ಕೈಲಿ ಕೆಟ್ತು ಅನ್ನು. ಊರೆಲ್ಲ ಅನ್ಲಿ. ಬ್ಯಾರೆ ಯಾರ್ ಹೆಸರೂ ಹೇಳ್ಬ್ಯಾಡ."

ಕೆಂಚಮ್ಮ ಬಾಗಿಲ ಕಡೆ ತಿರುಗಿದಳು.

"ಕಾಲು ತೊಳ್ಕಂಡು ಒಳಕ್ ಬಾ ಪ್ರತಿಮಾ. ನನ್ ಮಂಡಿ ನೋಯ್ತದೆ. ಉಳಿದ ತಟ್ಟೆಗೆಲ್ಲ ನೀನೇ ಹಾಕ್ಬೇಕು."

ಪ್ರತಿಮಾ ನಿಂತ ಜಾಗದಲ್ಲಿಯೇ ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, ಕಾಲು ತೊಳೆದು, ಬಾಗಿಲಿಗೆ ಅಡ್ಡವಾಗಿ ಮಲಗಿದ್ದ ಎರಡು ನಾಯಿಗಳನ್ನೂ ದಾಟಿ ಒಳಗೆ ಬಂದಳು.